ಬರಿಗಾಲಿನ ನರ್ಸರಿ

ಜುಲೈ 30, ಬುಧವಾರ, ಬೆಳಗಿನ ಹತ್ತು ಗಂಟೆ. ಕುರುಗೋಡು ಠಾಣೆಗೆ ಬಂದ ಎರ್ರೆಪ್ಪ ದೂರು ಹೇಳುವ ಮೊದಲೇ ಇನ್ಸ್‌ಪೆಕ್ಟರ್ ಗಂಗೋತ್ರಿಯ ಮೇಜಿನ ಮೇಲೆ ಬಟ್ಟೆಯ ಗಂಟೊಂದನ್ನು ಇಟ್ಟ. ಒಳಗೆ ಶೇಂಗಾ ಉಂಡಿ, ಎಳ್ಳುಂಡಿ ಇದ್ದವು.

“ನನ್ನ ತಂಗಿ ಪಂಪಾವತಿಗೆ ಒಯ್ದಿದ್ದೆ ರೀ. ತಗೊಳ್ಳಲಿಲ್ಲ.”

ಎರ್ರೆಪ್ಪ ಸಿರಿಗೇರಿಯ ಕೂಲಿಕಾರ. ಅವನ ತಂಗಿ ಮತ್ತು ಆಕೆಯ ಗಂಡ ಮಾರೇಶ ಹೋದ ವರ್ಷ ಕುರುಗೋಡಿನ ಹೊರಗಿರುವ ಜಂಬುನಾಥನ ನರ್ಸರಿಗೆ ಕೆಲಸಕ್ಕೆ ಸೇರಿದ್ದರು. ಪಂಚಮಿಗೆಂದು ಮೊನ್ನೆ ತವರಿಗೆ ಕರೆಯಲು ಹೋದ ಅಣ್ಣನಿಗೆ ಪಂಪಾವತಿ ಗೇಟಿನ ಒಳಗೇ ನಿಂತು, ನಾನು ಬರುವುದಿಲ್ಲ ಎಂದಿದ್ದಳು.

“ನಿಮ್ಮೊಳಗ ಜಗಳ ಆಗಿತ್ತೇನು?”

“ಇಲ್ರಿ ಮೇಡಂ.”

“ಗಂಡ ಬ್ಯಾಡ ಅಂದಿರಬೇಕು.”

“ಅಂವ ಅಲ್ಲಿ ಇರಲೇ ಇಲ್ರಿ. ಪಂಚಮಿಗೆ ಕರಿಯಾಕ ಬಂದ ಅಣ್ಣನ್ನ ಯಾವ ತಂಗಿ ಹಿಂದಕ ಕಳಸ್ತಾಳ್ರಿ? ಬಾಯಿಲೆ ಹೋಗು ಅಂದ್ಲು, ಕೈಲೆ ಗೇಟು ಗಟ್ಟಿ ಹಿಡ್ಕೊಂಡಿದ್ಲು.”

ಅವನು ಹೊರಗೆ ಹೋದ ಮೇಲೆ ಕಾನ್‌ಸ್ಟೆಬಲ್ ಓಬಳೇಶ, “ತಂಗಿ ಪಗಾರದ ಮ್ಯಾಲೆ ಅಣ್ಣನ ಕಣ್ಣಿರಬೇಕು ಮೇಡಂ” ಎಂದ. ಗಂಗೋತ್ರಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಖಾಕಿ ತೊಟ್ಟ ಮೇಲೆ ದೂರು ತಂದವನ ಮೇಲೇ ಮೊದಲು ಅನುಮಾನಪಡುವ ಚಾಳಿ ಅಂಟಿಬಿಡುತ್ತದೆ. ಆದರೆ ಆ ಉಂಡಿಯ ಗಂಟು ಅವಳ ಮನಸ್ಸಿನಿಂದ ಸರಿಯಲಿಲ್ಲ. ಅವಳೂ ತವರಿನ ದಾರಿ ಕಾಯುವ ಹೆಣ್ಣೇ.

ಮಧ್ಯಾಹ್ನ ನರ್ಸರಿಯ ಗೇಟನ್ನು ಜಂಬುನಾಥನೇ ತೆಗೆದ. ಬಳ್ಳಾರಿಯ ಹೊಸ ಬಡಾವಣೆಗಳಿಗೆ ಹುಲ್ಲುಹಾಸು, ಹೂಗಿಡ ಹಾಕಿಕೊಡುವ ಗುತ್ತಿಗೆ ಅವನದು. ಮಾತಿಗೊಮ್ಮೆ ಕೈಮುಗಿಯುತ್ತಿದ್ದ. ಅಷ್ಟೊಂದು ವಿನಯ ಕಂಡರೆ ಗಂಗೋತ್ರಿಗೆ ಮೈಯೆಲ್ಲ ತುರಿಸುತ್ತದೆ.

ಪಂಪಾವತಿಯನ್ನು ಕರೆಸಿದರು.

“ಹೆಂಗದಿಯವ್ವಾ ಇಲ್ಲಿ?”

“ಚೆಂದ ಅದೀನ್ರಿ.”

“ಊರಿಗೆ ಯಾಕ ಹೋಗಲಿಲ್ಲ?”

“ಮನಸ್ಸಾಗಲಿಲ್ರಿ.”

“ಗಂಡ ಎಲ್ಲಿ?”

ಅವಳ ಧ್ವನಿ ಇಳಿಯಿತು. “ಬಳ್ಳಾರ್ಯಾಗ... ಕೆಲಸಕ್ಕ ಹೋಗ್ಯಾನ್ರಿ.”

ಜಂಬುನಾಥ ದೂರದಲ್ಲಿ ನಿಂತಿದ್ದ. ಅವಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಹೆದರಿಸುವ ಅಗತ್ಯವೇ ಇಲ್ಲದವನ ಹಾಗಿದ್ದ ಆ ನಿಲುವು ಗಂಗೋತ್ರಿಗೆ ಸರಿಕಾಣಲಿಲ್ಲ. ಸುತ್ತ ನೋಡಿದಳು. ಐದಾರು ಸಂಸಾರಗಳು ಇರುವ ತಗಡಿನ ಶೆಡ್ಡು. ಅದರ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಸಸಿಗಳಿಗೆ ನೀರು ಹಾಕುತ್ತಿದ್ದವರೆಲ್ಲ ಬರಿಗಾಲಲ್ಲಿದ್ದರು.

“ಇವರ ಚಪ್ಪಲಿ ಎಲ್ಲಿ?”

“ಚಪ್ಪಲೀಲೆ ತುಳಿದ್ರ ಹುಲ್ಲಿನ ಬೇರು ಸಾಯ್ತಾವ್ರಿ ಮೇಡಂ. ಗೇಟಿನ ಹೊರಗ ಬಿಡಾಕ ಹೇಳೀನಿ.”

ಒಪ್ಪಬಹುದಾದ ಮಾತೇ. ಆದರೆ ಆ ಮಾತು ಹೇಳುವಾಗ ಅವನು ಹುಲ್ಲುಹಾಸಿನ ನಟ್ಟನಡುವೆ ತೊಗಲಿನ ಚಪ್ಪಲಿ ಮೆಟ್ಟಿ ನಿಂತಿದ್ದ. ಗೇಟಿನ ಹೊರಗೆ ನೋಡಿದರೆ, ಬೇಲಿಯ ಉದ್ದಕ್ಕೂ ಜಾಲಿಮುಳ್ಳು ಬಿಟ್ಟು ಬೇರೇನೂ ಇರಲಿಲ್ಲ.

ಜೀಪು ಹತ್ತುವಾಗ ಓಬಳೇಶ ಕೇಳಿದ: “ಆಕಿನೇ ಚೆಂದ ಅದೀನಿ ಅಂದ್ರ ಕೇಸು ಹೆಂಗ ನಿಲ್ತೈತಿ ಮೇಡಂ?”

“ಗಂಡನ್ನೂ ಒಂದು ಮಾತು ಕೇಳೋಣು.”

ಮರುದಿನ ಹನ್ನೊಂದಕ್ಕೆ ಬಳ್ಳಾರಿಯಲ್ಲಿ, ಕೋಟೆ ಗುಡ್ಡ ಕಾಣುವ ಹೊಸ ಬಡಾವಣೆಯೊಂದರಲ್ಲಿ ಮಾರೇಶ ಸಿಕ್ಕ. ಲಾರಿಯಿಂದ ಹುಲ್ಲಿನ ಹಾಸು ಇಳಿಸುತ್ತಿದ್ದ. ಅವನೂ ಬರಿಗಾಲು. ಕಾದ ಡಾಂಬರಿನ ಮೇಲೆ ಒಂದು ಕಾಲು ಇಟ್ಟು ಇನ್ನೊಂದು ಎತ್ತುತ್ತಿದ್ದ. ಓಬಳೇಶ ಎಲೆಯಡಿಕೆಯ ನೆಪದಲ್ಲಿ ಅಲ್ಲಿದ್ದ ಮೇಸ್ತ್ರಿಯನ್ನು ಆಚೆ ಕರೆದೊಯ್ದ. ಓಬಳೇಶ ಮಾತಿಗೆ ಸಿಕ್ಕಿಸಿಕೊಂಡರೆ ಎದುರಿನವರು ಬಸ್ಸು ತಪ್ಪಿಸಿಕೊಂಡ ಹಾಗೆಯೇ.

“ಹೆಂಗದಿ ಮಾರೇಶ?”

“ಚೆಂದ ಅದೀನ್ರಿ.”

ಅದೇ ಮಾತು, ಅದೇ ದನಿ.

“ಹೆಂಡ್ತಿ ಜೋಡಿ ಯಾವಾಗ ಇರ್ತಿ?”

“ಆಕಿ ಅಲ್ಲಿದ್ರ ನನ್ನ ಇಲ್ಲಿಗೆ ಕಳಸ್ತಾರ್ರಿ. ನಾ ಅಲ್ಲಿಗೆ ಹೋದ್ರ ಆಕೀನ ಇಲ್ಲಿಗೆ ತರ್ತಾರ.” ಹೇಳಿಬಿಟ್ಟೆನಲ್ಲ ಎಂದು ತುಟಿ ಕಚ್ಚಿಕೊಂಡ.

ಗಂಡ ಬಾಯಿಬಿಟ್ಟರೆ ಹೆಂಡತಿಗೆ ಕೇಡು, ಹೆಂಡತಿ ಬಾಯಿಬಿಟ್ಟರೆ ಗಂಡನಿಗೆ ಕೇಡು. ಗಂಗೋತ್ರಿ ಠಾಣೆಗೆ ಫೋನ್ ಮಾಡಿ ಎರ್ರೆಪ್ಪನ ದೂರಿನ ಮೇಲೆ ಎಫ್‌ಐಆರ್ ದಾಖಲಿಸಲು ಹೇಳಿದಳು. ತಹಶೀಲ್ದಾರರನ್ನು ನರ್ಸರಿಗೆ ಬರಹೇಳಿದಳು. ಮಾರೇಶನನ್ನು ಜೀಪಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ನರ್ಸರಿಯಲ್ಲಿ ಜೀಪಿನಿಂದ ಗಂಡ ಇಳಿದದ್ದನ್ನು ಕಂಡು ಪಂಪಾವತಿಯ ಕೈಯಲ್ಲಿದ್ದ ಪೈಪು ಜಾರಿತು. ಗಂಗೋತ್ರಿ ಇಬ್ಬರ ನಡುವೆ ನಿಂತಳು.

“ಇಬ್ರೂ ನನ್ನ ಕಣ್ಣೆದುರಿಗೆ ಅದೀರಿ. ಈಗ ಹೇಳವ್ವ.”

“ಗೊಬ್ಬರದ ಕ್ವಾಣ್ಯಾಗ ಅದಾವ್ರಿ.”

“ಏನು?”

“ನಮ್ಮ ಚಪ್ಪಲಿ.”

ಸೇರಿದ ದಿನವೇ ಹುಲ್ಲಿನ ನೆಪ ಹೇಳಿ ಬಿಡಿಸಿಕೊಂಡ ಚಪ್ಪಲಿ ಮತ್ತೆ ಕೈಗೆ ಬಂದಿರಲಿಲ್ಲ. ಹೋಗುತ್ತೇನೆಂದವರಿಗೆ, ಸೇರುವಾಗ ಕೊಟ್ಟ ಮುಂಗಡ ತೀರಿಲ್ಲ ಎಂಬ ಉತ್ತರ. ಬೇಲಿ ಹಾರಲು ನೋಡಿದವರು ಮುಳ್ಳು ತುಳಿದು ವಾರಗಟ್ಟಲೆ ಕುಂಟಿದ್ದರು. ತಹಶೀಲ್ದಾರರ ಎದುರು, ಇಬ್ಬರು ಪಂಚರ ಸಮಕ್ಷಮದಲ್ಲಿ ಗೊಬ್ಬರದ ಕೋಣೆಯ ಬೀಗ ತೆಗೆಸಿದರು. ಗೊಬ್ಬರದ ಚೀಲಗಳ ಹಿಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಓಬಳೇಶ ಒಂದೊಂದೇ ಜೊತೆ ಎಣಿಸಿ ಪಂಚನಾಮೆ ಬರೆದ.

ಮೂರು ಗಂಟೆಗೆ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಜಂಬುನಾಥನನ್ನು ಬಂಧಿಸಿದರು. ನರ್ಸರಿಯಲ್ಲೇ ಇದ್ದ ತನ್ನ ಮನೆಯೊಳಗಿಂದ ಅವನು ಹೊಸ್ತಿಲಿಗೆ ಬಂದು ನಿಂತ.

“ಚಪ್ಪಲಿ ಮೆಟ್ಕೊಂಡು ಬರ್ತೀನ್ರಿ. ನೆಲ ಕಾದೈತಿ.”

ಅಂಗಳದಲ್ಲಿದ್ದವರೆಲ್ಲ ಅವನನ್ನೇ ನೋಡಿದರು. ಓಬಳೇಶ ಹಲ್ಲು ಕಡಿದ. ಗಂಗೋತ್ರಿಗೂ ಸಿಟ್ಟು ನೆತ್ತಿಗೇರಿತ್ತು.

“ಮೆಟ್ಕೊಳ್ಳಲಿ ಬಿಡು” ಎಂದಳು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಆಳುಗಳೆಲ್ಲ ಹೇಳದೆ ಬಿಟ್ಟುಹೋಗಿ, ಅವನು ಮಕ್ಕಳಂತೆ ಬೆಳೆಸಿದ ಸಸಿಗಳು ನೀರಿಲ್ಲದೆ ಒಣಗಿದ್ದವು. “ಅವತ್ತು ಅತ್ತೀನ್ರಿ ಮೇಡಂ. ಗಿಡ ಹಚ್ಚಿದಲ್ಲೇ ಇರ್ತಾವ, ಮನುಷ್ಯಾರು ಇರಂಗಿಲ್ಲ.” ಅತ್ತದ್ದು ನಿಜವೇ ಇರಬೇಕು ಎಂದು ಗಂಗೋತ್ರಿಗೆ ಅನ್ನಿಸಿತು. ಅದನ್ನೂ ಹೇಳಿಕೆಯಲ್ಲಿ ಬರೆಸಿಕೊಂಡಳು.

ಹೊರಗೆ ಎರ್ರೆಪ್ಪ ಕಾಯುತ್ತಿದ್ದ. ಚಪ್ಪಲಿಗಳು ಸಾಕ್ಷ್ಯವಾದ್ದರಿಂದ ಮೂಟೆ ಕಟ್ಟಿ ಸೀಲು ಹಾಕಿಯಾಗಿತ್ತು. ಬಿಡುಗಡೆಯಾದವರು ಇನ್ನೂ ಬರಿಗಾಲಲ್ಲೇ ಇದ್ದರು. ಗಂಗೋತ್ರಿಗೆ ನಾಚಿಕೆಯಾಯಿತು. ಹೊಸ ಚಪ್ಪಲಿ ತರಲು ಓಬಳೇಶನನ್ನು ಪೇಟೆಗೆ ಓಡಿಸಿದಳು.

ಎರ್ರೆಪ್ಪನಿಗೆ ಅಷ್ಟು ತಾಳ್ಮೆ ಇರಲಿಲ್ಲ. ತನ್ನ ಚಪ್ಪಲಿ ಕಳಚಿ ತಂಗಿಯ ಕಾಲಿನ ಮುಂದಿಟ್ಟ.

“ಪಂಚಮಿ ಮುಗದೈತಲ್ಲಣ್ಣ” ಎಂದಳು ಪಂಪಾವತಿ.

“ಉಂಡಿ ಇನ್ನೂ ಕೆಟ್ಟಿಲ್ಲ. ನಡಿ.”

ಅವಳು ಅಣ್ಣ ಕೊಟ್ಟ ಉಂಡಿಯ ಗಂಟನ್ನು ಎದೆಗೊತ್ತಿಕೊಂಡಳು. ದೊಡ್ಡದಾದ ಚಪ್ಪಲಿಯನ್ನು ಎಳೆದುಕೊಂಡು, ಗಂಡನ ಜೊತೆ ಸಿರಿಗೇರಿಯ ಬಸ್ಸಿನತ್ತ ನಡೆದಳು. ಹಿಂದೆ ಎರ್ರೆಪ್ಪ ಸುಡುವ ನೆಲದ ಮೇಲೆ ನೆರಳು ಹುಡುಕಿ ಹುಡುಕಿ ಕಾಲಿಡುತ್ತ ಹೋದ.