ಇನ್‌ಸ್ಪೆಕ್ಟರ್ ರಾಟ್ರೇಯ ಎಡಗಾಲು

"ನಿಲ್ಲಿಸಿ! ಯಾರ್ರೀ ಅದು, ನನ್ನ ಕಾಲಲ್ಲಿ ನಡೀತಿರೋದು?"

ಮೈಕಿನ ಮುಂದೆ ನಿಂತಿದ್ದ ಗ್ರೆಗರ್ ಪೇಟನ್ ಕೈಯಲ್ಲಿದ್ದ ಹಾಳೆಗಳನ್ನು ಇಳಿಸಿ ಹಿಂದಕ್ಕೆ ತಿರುಗಿದ.

ಗ್ಲಾಸ್ಗೋದ ಆ ರೇಡಿಯೋ ಸ್ಟುಡಿಯೋಗೆ ಅವನು ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಇನ್‌ಸ್ಪೆಕ್ಟರ್ ರಾಟ್ರೇಯ ಪತ್ತೇದಾರಿ ಕಾದಂಬರಿಗಳನ್ನು ಬಾನುಲಿ ನಾಟಕ ಮಾಡುತ್ತಿದ್ದರು. ರಾಟ್ರೇಯ ದನಿಗೆ ಇವನನ್ನು ಆರಿಸಿದ್ದರು. ರಂಗದ ಮೇಲೆ ಒಳ್ಳೆಯ ಹೆಸರಿತ್ತು, ಜಂಭವೂ ಇತ್ತು.

ಅವನ ಬೆನ್ನ ಹಿಂದೆ, ಜಲ್ಲಿ ತುಂಬಿದ ಅಗಲವಾದ ತಟ್ಟೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಕಾಲಿಗೆ ಗಂಡಸರ ಬೂಟು. ದೊಡ್ಡದಾಗುತ್ತದೆಂದು ಅದರೊಳಗೆ ಹಳೆಯ ಪೇಪರ್ ತುರುಕಿದ್ದಳು.

"ನಾನೇ," ಎಂದಳು ಅವಳು. "ಹೆಸರು ಇಶ್ಬೆಲ್. ನಾಟಕದಲ್ಲಿ ಬರೋ ಸದ್ದೆಲ್ಲ ನಂದು. ಬಾಗಿಲು, ಟೀ ಕಪ್ಪು, ನಿಮ್ಮ ಹೆಜ್ಜೆ."

"ಇದು ಪೊಲೀಸಿನವನ ನಡಿಗೆ ಅಲ್ಲ ಕಣ್ರೀ. ಮದುವೆ ಊಟಕ್ಕೆ ಹೊರಟವನ ಹಾಗಿದೆ!"

"ನೀವು ಮಾತಾಡ್ತಿರೋದೂ ಹಾಗೇ ಇದೆಯಲ್ಲ ಸ್ವಾಮಿ. ಹೆಣದ ಮುಂದೆ ನಿಂತೋರು ಅಷ್ಟು ಗೆಲುವಾಗಿ ಮಾತಾಡ್ತಾರಾ?"

ಗಾಜಿನ ಆಚೆ ಕೂತಿದ್ದ ನಿರ್ದೇಶಕಿ ಮೊರಾಗ್, ಸಾಸೇಜ್ ಇಟ್ಟ ಬನ್ನನ್ನು ಬಾಯಿಯ ಹತ್ತಿರವೇ ಹಿಡಿದು ಕೂತುಬಿಟ್ಟಳು. ಮೊದಲ ದಿನವೇ ನಾಯಕ ಎದ್ದು ಹೋಗುತ್ತಾನೆ ಎಂದುಕೊಂಡಳು.

ಗ್ರೆಗರ್ ಒಂದು ಕ್ಷಣ ಇಶ್ಬೆಲ್‌ಳನ್ನೇ ನೋಡಿದ. ಆಮೇಲೆ ತಲೆ ಹಿಂದಕ್ಕೆ ಹಾಕಿ ನಕ್ಕ.

"ಸರಿ. ಇಬ್ಬರೂ ಸ್ವಲ್ಪ ದುಃಖ ಪಡೋಣ. ಮತ್ತೆ ಶುರು ಮಾಡಿ."

ಆ ನಗು ನೇರವಾಗಿ ಬಂದು ಇಶ್ಬೆಲ್‌ಳ ಎದೆಯಲ್ಲಿ ಕೂತಿತು. 'ಬೇಡಪ್ಪಾ... ಇದೆಲ್ಲ ಮತ್ತೆ ಬೇಡ' ಎಂದುಕೊಂಡಳು. ಅವಳ ಮದುವೆ ಒಮ್ಮೆ ಆಗಿ ಮುರಿದಿತ್ತು. ಅದರ ಕಥೆ ಇಲ್ಲಿ ಬೇಡ, ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು.

ಆದರೆ ಬೇಡವೆಂದರೆ ಕೇಳುವ ಪೈಕಿಯೇ ಮನಸ್ಸು?

ಅಲ್ಲಿಂದ ಮುಂದೆ ಪ್ರತಿ ಚಳಿಗಾಲ ಒಂದು ಕಾದಂಬರಿ. ದನಿ ಅವನದು, ಕಾಲು ಇವಳದು. ಅವನು ಉಸಿರೆಳೆದುಕೊಂಡರೆ ಇವಳ ಹಿಮ್ಮಡಿ ಏಳುತ್ತಿತ್ತು. ಇವಳ ಹೆಜ್ಜೆ ನಿಂತರೆ ಅವನ ಮಾತು ನಿಲ್ಲುತ್ತಿತ್ತು. ಕೇಳುಗರಿಗೆ ರಾಟ್ರೇ ಒಬ್ಬನೇ ಮನುಷ್ಯ. ಅವನು ಇಬ್ಬರು ಎನ್ನುವುದು ಸ್ಟುಡಿಯೋದವರಿಗೆ ಮಾತ್ರ ಗೊತ್ತಿತ್ತು.

ಅಷ್ಟು ವರ್ಷ ಅವಳು ಕಂಡದ್ದು ಬಹುಪಾಲು ಅವನ ಬೆನ್ನು. ಬಲಭುಜದ ಬಳಿ ಸವೆದ ಸ್ವೆಟರು, ಕತ್ತಿನ ಹಿಂದೆ ನಿಧಾನವಾಗಿ ಬೆಳ್ಳಗಾದ ಕೂದಲು. ಹೇಳಿಕೊಳ್ಳಲು ಏನೂ ಇರಲಿಲ್ಲ. ಬಿಡುವಿನಲ್ಲಿ ಒಂದು ಟೀ, ನಾಲ್ಕು ಚುಚ್ಚು ಮಾತು, ಸಂಜೆ "ಬರ್ತೀನಿ ಕಣೇ" ಎಂದು ಅವನು ರೈಲಿಗೆ, "ಹೋಗು ಮಾರಾಯ" ಎಂದು ಇವಳು ಬಸ್ಸಿಗೆ. ಅಷ್ಟೇ. ಅಷ್ಟಕ್ಕಾಗಿ ಅವಳು ವರ್ಷವಿಡೀ ಚಳಿಗಾಲಕ್ಕೆ ಕಾಯುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವಳ ಎಡ ಮೊಣಕಾಲು ಕೈಕೊಟ್ಟಿತು.

ಕಲ್ಲಿನ ಮೇಲೆ, ಮರದ ಮೇಲೆ, ಎಲ್ಲಿಗೂ ಹೋಗದ ಸ್ಟುಡಿಯೋ ಮೆಟ್ಟಿಲುಗಳ ಮೇಲೆ ಕಂಡವರ ಕಾಲಾಗಿ ನಡೆದೂ ನಡೆದೂ ಕೀಲು ಸವೆದಿತ್ತು. "ಈ ಕೆಲಸ ಬಿಡಿ," ಎಂದರು ಡಾಕ್ಟರು. ಅವಳು ತಲೆಯಾಡಿಸಿ ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಕರೆದಾಗ ಮಾತ್ರ ಸಿಗುವ ಕೆಲಸ ಅದು. ಕಾಲು ಹೋಯಿತೆಂಬ ಸುದ್ದಿ ಹಬ್ಬಿದರೆ ಯಾರು ಕರೆಯುತ್ತಾರೆ? ಅದಕ್ಕಿಂತ ಹೆಚ್ಚಾಗಿ... ಅವನ ಬೆನ್ನ ಹಿಂದಿನ ಆ ಜಾಗ! ಅದು ಕೈತಪ್ಪಿದರೆ ಅವಳಿಗೆ ಇನ್ನೇನು ಉಳಿಯುತ್ತದೆ?

ಈ ವರ್ಷದ್ದು ಕೊನೆಯ ಕಾದಂಬರಿ. ರಾಟ್ರೇ ಇದರಲ್ಲಿ ನಿವೃತ್ತನಾಗುತ್ತಾನೆ. ಇದೊಂದು ವಾರ ಹೇಗಾದರೂ ನಡೆದುಬಿಡುತ್ತೇನೆ ಎಂದು ಮಾತ್ರೆ ನುಂಗಿ ಸೋಮವಾರ ಸ್ಟುಡಿಯೋಗೆ ಬಂದಳು.

ಜಲ್ಲಿಯ ತಟ್ಟೆ ಅಲ್ಲಿರಲಿಲ್ಲ.

"ಮೊರಾಗ್, ಎಲ್ಲಿ ನನ್ನ ತಟ್ಟೆ?"

ಮೊರಾಗ್ ಕನ್ನಡಕ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಈ ಸಲ ಹಳೇ ಕಂತುಗಳಲ್ಲಿರೋ ಹೆಜ್ಜೆ ಸದ್ದನ್ನೇ ತಂದು ಸೇರಿಸ್ತೀವಿ ಕಣೇ. ನೀನು ಈಚೆ ಕೂತು ಕಪ್ಪು, ಬಾಗಿಲು ಅಷ್ಟು ನೋಡ್ಕೋ."

"ಯಾರು ಹೇಳಿದ್ದು?"

"ಹೋಗ್ಲಿ ಬಿಡು ಮಾರಾಯ್ತಿ..."

"ಯಾರು ಹೇಳಿದ್ದು ಅಂದೆ!"

"ಗ್ರೆಗರ್. ನಿನ್ನ ಹೆಜ್ಜೆ ಹಿಂದೆ ಇದ್ರೆ ಮಾತಿನ ಮೇಲೆ ಗಮನ ನಿಲ್ಲಲ್ವಂತೆ."

ಇಶ್ಬೆಲ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷ ಜೊತೆಗೆ ಉಸಿರಾಡಿದ ಮನುಷ್ಯ! ಹಿಂದಿನಿಂದ ಒಬ್ಬರ ಕೈಲಿ ಹೇಳಿಸಿದನಲ್ಲ! ಅಳು ಬರಲಿಲ್ಲ. ಅಳುವಷ್ಟು ತ್ರಾಣವೂ ಇಲ್ಲದಂಥ ಸುಸ್ತು ಮೈಗೆಲ್ಲ ಇಳಿಯಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಬೇಳೆ ಸೂಪಿನ ಮುಂದೆ ಒಬ್ಬನೇ ಕೂತಿದ್ದ. ಇವಳು ಹೋಗಿ ಎದುರಿಗೆ ನಿಂತಳು.

"ನನ್ನ ಹೆಜ್ಜೆ ನಿಂಗೆ ಅಡ್ಡ ಬರುತ್ತಂತೆ?"

ಗ್ರೆಗರ್ ಚಮಚ ತಿರುವುತ್ತಲೇ ಇದ್ದ. "ಹ್ಞೂಂ... ಒಂದೊಂದ್ಸಲ."

"ಮುಖಕ್ಕೆ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು."

"ಬಲು ಸಂತೋಷ! ಇನ್ನು ಆ ಕಷ್ಟ ನಿಂಗೆ ಇರಲ್ಲ. ಶುಕ್ರವಾರ ಇದು ಮುಗಿದ್ರೆ ಆರ್ಕ್‌ನಿ ದ್ವೀಪಕ್ಕೆ ಹೊರಟೆ. ನಮ್ಮಕ್ಕನ ಮನೆಗೆ. ಇನ್ನು ಅಲ್ಲೇ."

ಅವನು ತಟ್ಟನೆ ತಲೆ ಎತ್ತಿದ. "ಅಲ್ಲೇ ಅಂದ್ರೆ? ಅಲ್ಲೇನು ಮಾಡ್ತೀಯ?"

"ಕೂತ್ಕೋತೀನಿ! ಯಾರಿಗೂ ಅಡ್ಡ ಬರದೆ ಕೂತ್ಕೋತೀನಿ!"

ಅವನ ಬಾಯಿ ತೆರೆಯಿತು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು ಅವನ ಪಾಡು. ಉಗುಳಲೂ ಆಗದು, ನುಂಗಲೂ ಆಗದು. ಕೊನೆಗೆ ಬಂದ ಮಾತು ಇಷ್ಟು:

"ಕೂತ್ಕೋ. ನಿಂಗೂ ಒಂದು ಸೂಪು ತರ್ತೀನಿ."

"ನಿನ್ನ ಸೂಪು ನೀನೇ ಕುಡಿ."

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಯಾರೋ. ಪ್ರೀತಿಸಿದವರನ್ನು ಹತ್ತಿರದಿಂದ ಕಂಡವರಂತೂ ಇರಲಾರರು.

ಆ ವಾರ ಯಾರಿಗೂ ಸುಖವಿರಲಿಲ್ಲ. ಹಳೆಯ ಹೆಜ್ಜೆಗಳು ಅವನ ಹೊಸ ಮಾತಿಗೆ ಹೊಂದಲಿಲ್ಲ. ಅವು ಬೇಗ ಬೇಗ ಬಂದವು, ಇವನು ಹಿಂದೆ ಬಿದ್ದ. ಒಂದೊಂದು ದೃಶ್ಯವನ್ನೂ ಮತ್ತೆ ಮತ್ತೆ ತೆಗೆದರು. ಇಶ್ಬೆಲ್ ಗಾಜಿನ ಈಚೆ ಮೊರಾಗ್‌ಳ ಪಕ್ಕ ಕೂತು ಕಪ್ಪಿಗೆ ಚಮಚ ತಾಗಿಸುತ್ತಾ, 'ಆಗಲಿ, ಅನುಭವಿಸು' ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಶುಕ್ರವಾರ ಮಧ್ಯಾಹ್ನ ಕೊನೆಯ ದೃಶ್ಯ ಉಳಿದಿತ್ತು. ಕೊಲೆಯಾದವಳ ತಾಯಿಗೆ ನಿಜ ಹೇಳಲು ರಾಟ್ರೇ ಹಳೆಯ ಕಟ್ಟಡದ ಮೆಟ್ಟಿಲು ಹತ್ತುತ್ತಾನೆ. ಹತ್ತುತ್ತಾ ತನ್ನೊಳಗೇ ಮಾತಾಡಿಕೊಳ್ಳುತ್ತಾನೆ.

ಅದು ಆಗಲೇ ಇಲ್ಲ. ಎಷ್ಟು ಸಲ ತೆಗೆದರೂ ಮಾತು ಒಂದು ಕಡೆ, ಕಾಲು ಒಂದು ಕಡೆ.

ಮೊರಾಗ್ ಹಾಳೆ ಎಸೆದಳು. "ಸಾಕು ನಿಮ್ಮ ನಖರಾ! ಇಶ್ಬೆಲ್, ಏಳೇ. ಬೂಟು ಹಾಕ್ಕೊಂಡು ಆ ಮೆಟ್ಟಿಲು ನೀನೇ ಹತ್ತು. ಅವನಿಗೆ ಬೇಕೋ ಬೇಡ್ವೋ, ಆಮೇಲೆ ನೋಡೋಣ."

ಇಶ್ಬೆಲ್ ಎದ್ದಳು. ಬೂಟು ಹಾಕಿಕೊಂಡು ಒಳಗೆ ಹೋಗಿ, ಅವನ ಕಡೆ ನೋಡದೆ, ಮೊದಲ ಮೆಟ್ಟಿಲಿಗೆ ಎಡಗಾಲು ಇಟ್ಟಳು.

"ಬೇಡ!"

ಗ್ರೆಗರ್‌ನ ಕೂಗು ಮೈಕಿನಲ್ಲಿ ಹೋಗಿ ಗಾಜಿನ ಆಚೆಗೆಲ್ಲ ಮೊಳಗಿತು.

"ಇಳಿಯೇ ಕೆಳಗೆ! ಅವಳು ಮೆಟ್ಟಿಲು ಹತ್ತಬಾರದು ಮೊರಾಗ್! ಅವಳ ಮೊಣಕಾಲು ಹೋಗಿದೆ!"

ಇಶ್ಬೆಲ್ ಕಂಬಿ ಹಿಡಿದು ನಿಂತಿದ್ದಳು.

"ನಿಂಗೆ... ನಿಂಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕು?" ಗ್ರೆಗರ್ ದನಿ ಇಳಿಯಿತು. "ಹೋದ ವರ್ಷದ ನಾಟಕ ಪೂರ್ತಿ ನಿನ್ನ ಎಡ ಹೆಜ್ಜೆ ತಡವಾಗಿ ಬೀಳ್ತಿತ್ತು. ಒಂದು ಚೂರು. ಬೇರೆ ಯಾರಿಗೂ ಗೊತ್ತಾಗಲ್ಲ. ನಾನು ಆ ಕಾಲಿನ ಮೇಲೆ ನಿಂತು ಮಾತಾಡೋನು ಕಣೇ, ನಂಗೆ ಗೊತ್ತಾಗಲ್ವಾ?"

ಅವಳಿಗೆ ಒಂದೊಂದಾಗಿ ನೆನಪಾಯಿತು. ಹೋದ ವರ್ಷದ ನಾಟಕವನ್ನು ಪತ್ರಿಕೆಗಳು ಹೊಗಳಿದ್ದವು. 'ರಾಟ್ರೇಯ ದಣಿವು ಮನಮುಟ್ಟುತ್ತದೆ, ಪದ ಪದಕ್ಕೂ ತಡೆದು ತಡೆದು ಆಡುವ ಮಾತು' ಎಂದೆಲ್ಲ ಬರೆದಿದ್ದವು. ಪೇಟನ್ ತನ್ನ ಕಲೆಯ ತುದಿ ಮುಟ್ಟಿದ್ದಾನೆ ಎಂದಿದ್ದವು.

ಕಲೆ ಅಲ್ಲ ಅದು! ಅವಳ ಕಾಲಿಗಾಗಿ ಅವನು ಕಾದದ್ದು ಅದು!

"ಹಾಗಿದ್ರೆ ಮೊರಾಗ್ ಹತ್ರ ಆ ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಹೇಳದಿದ್ರೆ ನಿನ್ನ ಕಾಲು ಹೋಗ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ..." ಅವನು ತಲೆ ತಗ್ಗಿಸಿದ. "ನೀನು ನನ್ನನ್ನ ಬೈದ್ಕೊಂಡ್ರೂ ಪರವಾಗಿಲ್ಲ ಅಂದ್ಕೊಂಡೆ. ಊರೇ ಬಿಡ್ತೀಯ ಅಂತ ಅಂದ್ಕೊಂಡಿರಲಿಲ್ಲ."

ಗಾಜಿನ ಆಚೆಯಿಂದ ಮೊರಾಗ್‌ಳ ದನಿ ಬಂತು. "ನನ್ನ ಸೊಂಟ ಹೋಗಿ ಯಾವ ಕಾಲ ಆಯ್ತು, ನಾನೇನು ಮನೇಲಿ ಕೂತಿದೀನಾ? ಮೂರ್ಖ ಮುಂಡೇವಾ! ಬಾಯಿ ಬಿಟ್ಟು ಹೇಳೋಕೇನು?"

ಇಶ್ಬೆಲ್‌ಗೆ ಈಗ ಅಳು ಬಂತು. ಮೆಟ್ಟಿಲ ಮೇಲೇ ಕೂತು, ದೊಡ್ಡ ಬೂಟುಗಳನ್ನು ಮುಂದೆ ಚಾಚಿ, ಮಗುವಿನ ಹಾಗೆ ಅತ್ತಳು. ಅತ್ತು ಮುಗಿದ ಮೇಲೆ ಬೂಟು ಬಿಚ್ಚಿ ಎರಡೂ ಕೈಗೆ ತೊಟ್ಟುಕೊಂಡಳು.

"ಆ ಕಲ್ಲಿನ ಚಪ್ಪಡಿ ಇಲ್ಲಿ ತಂದಿಡು. ಕೂತ್ಕೊಂಡೇ ನಡೀತೀನಿ."

"ಹೆಜ್ಜೆ ಸದ್ದು ಕೈಲಿ ಮಾಡಿದ್ರೆ ಮೈಭಾರ ಕೇಳ್ಸಲ್ಲ ಅಂತಿದ್ದೆ?" ಎಂದ ಗ್ರೆಗರ್.

"ರಾಟ್ರೇಗೂ ಸಾಕಾಗಿದೆ ಬಿಡು. ಹಗುರಾಗಿ ಹತ್ತಲಿ ಇವತ್ತೊಂದಿನ."

ಗ್ರೆಗರ್ ಚಪ್ಪಡಿ ಹೊತ್ತು ತಂದು ಅವಳ ಮುಂದಿಟ್ಟ. ಮೈಕನ್ನು ಕೆಳಕ್ಕೆ ಬಗ್ಗಿಸಿ ತಾನೂ ಅದೇ ಮೆಟ್ಟಿಲ ಮೇಲೆ ಕೂತ. ಜಾಗ ಸಾಲದೆ ಇಬ್ಬರ ಭುಜ ತಾಗುತ್ತಿತ್ತು. ನಾಟಕ ನಡೆಯುವಾಗ ಮೊದಲ ಬಾರಿ ಅವಳಿಗೆ ಅವನ ಬೆನ್ನಲ್ಲ, ಮುಖ ಕಾಣುತ್ತಿತ್ತು. ಅವನು ಉಸಿರೆಳೆದುಕೊಂಡ. ಅವಳ ಕೈ ಎದ್ದಿತು.

ಒಂದೇ ಸಲಕ್ಕೆ ದೃಶ್ಯ ಮುಗಿಯಿತು. ಮೊರಾಗ್ ಕೆಂಪು ದೀಪ ಆರಿಸಿ, ಮೂಗು ಒರೆಸಿಕೊಂಡು ಹೊರಗೆ ಹೋದಳು.

ಇಬ್ಬರೂ ಅಲ್ಲೇ ಕೂತಿದ್ದರು.

"ಒಂದು ಮಾತು ಹೇಳ್ಬೇಕಿತ್ತು ಕಣೋ ನೀನು," ಎಂದಳು ಇಶ್ಬೆಲ್. "ಮಾತಾಡೋದೇ ನಿನ್ನ ಕೆಲಸ. ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೆಯಾ?"

"ಯಾರಾದ್ರೂ ಬರೆದು ಕೊಟ್ಟಿದ್ದು ಮಾತ್ರ ಬರುತ್ತೆ ನಂಗೆ. ಸ್ವಂತದ್ದು ಬರಲ್ಲ."

"ಸರಿ, ನಾನು ಹೇಳ್ಕೊಡ್ತೀನಿ. 'ಇಶ್ಬೆಲ್, ಆರ್ಕ್‌ನಿಗೆ ಹೋಗ್ಬೇಡ.' ಹೇಳು."

ಅವನು ಗಂಟಲು ಸರಿಮಾಡಿಕೊಂಡ. "ಇಶ್ಬೆಲ್, ಆರ್ಕ್‌ನಿಗೆ ಹೋಗ್ಬೇಡ."

"ಥೂ! ಬಸ್ ಕಂಡಕ್ಟರ್ ಹೇಳಿದ ಹಾಗಿದೆ. ಇನ್ನೊಂದ್ಸಲ. ಮನಸ್ಸಿಟ್ಟು."

ಗ್ರೆಗರ್ ಅವಳ ಕೈಗಳಿಂದ ಬೂಟುಗಳನ್ನು ಒಂದೊಂದಾಗಿ ಬಿಡಿಸಿ ಪಕ್ಕಕ್ಕಿಟ್ಟ. ಆ ಬೆಚ್ಚಗಿನ, ಒರಟು ಕೈಗಳನ್ನು ತನ್ನ ಕೈಯಲ್ಲಿ ಹಿಡಿದ.

"ಇಶ್ಬೆಲ್... ಹೋಗ್ಬೇಡ ಕಣೇ. ನಂಗೂ ನಡೆದು ಸಾಕಾಗಿದೆ. ನಿನ್ನ ಪಕ್ಕ ಕೂತ್ಕೋಬೇಕು ಅನ್ಸುತ್ತೆ. ಇವತ್ತಲ್ಲ, ದಿನಾ."

ಅವಳ ಕಣ್ಣು ಮತ್ತೆ ತುಂಬಿತು.

"ಅದು ನಾನು ಹೇಳ್ಕೊಟ್ಟಿದ್ದಲ್ಲ..."

"ಅಲ್ಲ. ಅದು ನಂದೇ."