ಹಾರಿಹೋದ ಶೀಟುಗಳ ಚಾರ್ಟು

"ಟೀಚರ್, ನಮ್ಮನೆ ತಗಡಿನ ಶೀಟು ಹಾರಿ ಹೋಗಿ ಹಾಲಿನ ಡೈರಿ ಮೇಲೆ ಕೂತಿತ್ತು. ಇನ್ನೂ ಅಲ್ಲೇ ಇದೆ!" ಅರುಣ್ ಬೆಂಚಿನ ಮೇಲೆ ಹತ್ತಿ ನಿಂತಿದ್ದ.

"ನಮ್ಮದು ಕಾಫಿ ತೋಟದ ರೈಟರ್ ಓಂಕಾರಮೂರ್ತಿಯವರ ಬಚ್ಚಲುಮನೆ ಮೇಲೆ!" ಎಂದಳು ರಕ್ಷಾ.

"ಒಬ್ಬೊಬ್ಬರೇ ಹೇಳಿ. ಅರುಣ್, ಕೆಳಗಿಳಿ," ಎಂದು ಪವಿತ್ರಾ ಟೀಚರ್ ಸ್ಕೆಚ್ ಪೆನ್ ಎತ್ತಿ ಹಿಡಿದರು.

ಗೋಡೆಯ ಮೇಲೆ ದೊಡ್ಡ ಚಾರ್ಟು. 'ನಮ್ಮೂರಿನ ಮಳೆ ಗಾಳಿಯ ಚರಿತ್ರೆ' ಎಂದು ಅದರ ಹೆಸರು. ಮೋರಿ ಕೊಚ್ಚಿಹೋದ ನೆರೆಗೆ ಒಂದು ಮೂಲೆ, ರಸ್ತೆಗೆ ಕುಸಿದ ಗುಡ್ಡಕ್ಕೆ ಇನ್ನೊಂದು ಮೂಲೆ ಸಿಕ್ಕಿತ್ತು. ಉಳಿದ ಜಾಗವನ್ನೆಲ್ಲ ದೊಡ್ಡ ಗಾಳಿ ತೆಗೆದುಕೊಂಡಿತ್ತು.

ಈ ಐದನೇ ಕ್ಲಾಸಿನವರೆಲ್ಲ ತೊಟ್ಟಿಲಲ್ಲಿದ್ದಾಗ ಬೀಸಿದ ಗಾಳಿ ಅದು. ಊರಿನ ತಗಡಿನ ಶೀಟುಗಳು ಗಿರಗಿರ ಸುತ್ತಿ, ತಮಗೆ ಇಷ್ಟ ಬಂದ ಕಡೆ ಇಳಿದವು. ಬೆನ್ನಿಗೇ ಮಳೆ ಹಿಡಿಯಿತು. ಯಾರ ಅಂಗಳದಲ್ಲಿ ಯಾವ ಶೀಟು ಬಿದ್ದಿತ್ತೋ ಅದನ್ನೇ ತಲೆಯ ಮೇಲಿನ ಮಾಡಿಗೆ ಹೊಡೆದುಕೊಂಡು ಎಲ್ಲರೂ ಒಳಗೆ ಕೂತರು. ಮಳೆ ನಿಂತ ಮೇಲೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಪವಿತ್ರಾ ಟೀಚರ್ ಕಡೂರಿನವರು. ಅವರಿಗೆ ಇದೆಲ್ಲ ಗೊತ್ತಿರಲಿಲ್ಲ. ಪ್ರತಿ ಶೀಟಿಗೂ ಒಂದೊಂದು ಚೆಂದದ ಬಾಣ ಎಳೆದರು.

ಒಂದು ಬಾಣ ಮಾತ್ರ ಸೋಮಶೇಖರಪ್ಪನವರ ಹೋಟೆಲಿನಿಂದ ಹೊರಟು ನಡುದಾರಿಯಲ್ಲೇ ನಿಂತಿತು.

"ಹೋಟೆಲಿನ ಬೋರ್ಡು ಎಲ್ಲಿ ಇಳಿಯಿತು? ಯಾರಿಗಾದರೂ ಗೊತ್ತಾ?"

ರುದ್ರಾಣಿ ಬೆಂಚಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕತೊಡಗಿದಳು. ಪೆನ್ಸಿಲ್ ಅವಳ ಕೈಯಲ್ಲೇ ಇತ್ತು.

ಆ ತಗಡಿನ ಬೋರ್ಡು ಅವಳ ಮನೆಯ ಅಡುಗೆಕೋಣೆಯ ಮಾಡಿನಲ್ಲಿತ್ತು. ಒಲೆಯ ಪಕ್ಕ ಕೂತು ತಲೆ ಎತ್ತಿದರೆ 'ಊಟ ತಯಾರಿದೆ' ಎಂಬ ಕೆಂಪು ಅಕ್ಷರಗಳು ಕಾಣುತ್ತಿದ್ದವು. ಬರೆದ ಪೇಂಟರಿಗೆ ಹಸಿವಾಗಿತ್ತೋ ಏನೋ, 'ಊ' ಅಕ್ಷರದ ಬಾಲವನ್ನು ಸೌಟಿನ ಹಾಗೆ ಬಗ್ಗಿಸಿದ್ದ. ಶಾಲೆಗೆ ಸೇರುವ ಮೊದಲೇ ರುದ್ರಾಣಿ ಕಲಿತ ಅಕ್ಷರಗಳು ಅವು. ಇವತ್ತಿಗೂ ಅವಳ 'ಊ'ಗೆ ಸೌಟಿನ ಬಾಲವೇ.

"ಅಮ್ಮಾ, ಹೋಟೆಲಿನ ಸೋಮಣ್ಣ ಶೀಟು ವಾಪಸ್ ಕೇಳಿದ್ರೆ?" ಎಂದು ಆ ಸಂಜೆ ಒಲೆಯ ಪಕ್ಕ ಕೂತು ಕೇಳಿದಳು.

ಅಮ್ಮನ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. "ಕೇಳಿದ್ರೆ ಕೊಡೋದು. ಅವರದ್ದೇ ಅಲ್ವಾ?"

"ಮಳೆಗಾಲದಲ್ಲಿ ಅಡುಗೆ?"

"ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸೌಟು."

ಇಬ್ಬರಿಗೂ ನಗು ಬರಲಿಲ್ಲ. ವರ್ಷವರ್ಷವೂ ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿದ ಕೂಡಲೇ ಮೊದಲ ಭರಣಿಯನ್ನು ಹೋಟೆಲಿಗೇ ಕಳಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ "ಸೋಮಣ್ಣಂಗೆ ಇಷ್ಟ" ಎನ್ನುತ್ತಿದ್ದಳು, ಅಷ್ಟೇ.

ಶನಿವಾರ ಮಕ್ಕಳ ಅಪ್ಪ ಅಮ್ಮಂದಿರು ಚಾರ್ಟು ನೋಡಲು ಬಂದರು. ಭಾನುವಾರ ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ತಮ್ಮ ತಮ್ಮ ಶೀಟು ಇಳಿಸಲು ಏಣಿ ಹಾಕಿ ಮಾಡು ಹತ್ತಿತ್ತು.

"ದಯಾನಂದ, ನಿನ್ನ ಕೋಳಿಗೂಡಿನ ಮೇಲಿರೋದು ನಮ್ಮ ಶೀಟು ಮಾರಾಯ!" ಎಂದು ಓಂಕಾರಮೂರ್ತಿ ಕೂಗಿದರು.

"ತಗೊಂಡು ಹೋಗಿ! ಆದ್ರೆ ನಿಮ್ಮ ಬಚ್ಚಲುಮನೆ ಮೇಲಿರೋದು ನಮ್ಮದು. ಮೊದ್ಲು ಅದನ್ನ ಇಳಿಸಿ!" ಎಂದ ರಕ್ಷಾಳ ಅಪ್ಪ ದಯಾನಂದ.

ಡೈರಿಯ ಸೆಕ್ರೆಟರಿ ಅಡ್ಡ ನಿಂತು, "ಹಾಗೆಲ್ಲ ಕೊಡೋಕಾಗಲ್ಲ. ಮೀಟಿಂಗ್ ಆಗ್ಬೇಕು" ಎಂದರು.

"ಹಾರಿ ಬಂದಾಗ ಮೀಟಿಂಗ್ ಮಾಡಿದ್ರಾ?" ಎಂದು ಅರುಣನ ಅಜ್ಜ ಏಣಿಯ ಮೇಲಿಂದಲೇ ಕೇಳಿದರು.

ಮಧ್ಯಾಹ್ನಕ್ಕೆ ಎಲ್ಲರ ಶೀಟೂ ಎಲ್ಲರಿಗೂ ಸಿಕ್ಕಿತು. ಆದರೆ ಒಂದೂ ಹೊಂದಲಿಲ್ಲ. ಒಂದನ್ನು ಹಲಸಿನ ಕೊಂಬೆಗೆ ಜಾಗ ಬಿಡಲು ಕತ್ತರಿಸಿದ್ದರು, ಇನ್ನೊಂದನ್ನು ಹೊಗೆ ಹೋಗಲು ಕೊರೆದಿದ್ದರು. ಓಂಕಾರಮೂರ್ತಿಯವರ ಶೀಟಿನಲ್ಲಿ ದಯಾನಂದನ ಹುಂಜ ತಲೆ ಹೊರಹಾಕಿ ಕೂಗುವ ಕಿಂಡಿಯಿತ್ತು. ಹುಂಜ ಶೀಟಿನ ಹಿಂದೆಯೇ ಬಂದು ಅವರ ಬಚ್ಚಲುಮನೆಯ ಮುಂದೆ ನಿಂತಿತ್ತು. ಅದಕ್ಕೆ ತನ್ನ ಕಿಂಡಿ ಬೇಕಾಗಿತ್ತು.

ಸೋಮಶೇಖರಪ್ಪನವರು ಮಾತ್ರ ಮಾಡು ಹತ್ತಲಿಲ್ಲ. ಏಣಿಯಿಂದ ಏಣಿಗೆ ಹೋಗಿ, ಮೇಲಿದ್ದವರಿಗೆಲ್ಲ ಕಾಫಿ ಕೊಡುತ್ತಿದ್ದರು.

"ಸೋಮಣ್ಣ, ನಿಮ್ಮ ಬೋರ್ಡು ಹುಡುಕಲ್ವಾ?" ಎಂದು ದಯಾನಂದ ಕೇಳಿದ.

ಏಣಿಯ ಕೆಳಗೆ ನಿಂತಿದ್ದ ರುದ್ರಾಣಿ ಬಗ್ಗಿ ಮತ್ತೆ ಏನನ್ನೋ ಹುಡುಕತೊಡಗಿದಳು.

"ಅದು ಚಾರ್ಮಾಡಿ ಘಾಟಿ ಇಳಿದು, ಸಮುದ್ರ ದಾಟಿ, ಅರಬ್ ದೇಶಕ್ಕೆ ಹೋಯ್ತು ಮಾರಾಯ. ಅಲ್ಲಿ ಒಂಟೆಗಳು ಬೋರ್ಡು ಓದಿ, ಸಾಲಾಗಿ ಊಟಕ್ಕೆ ಕೂತಿದ್ದಾವಂತೆ."

ಎಲ್ಲರೂ ನಕ್ಕರು. ಅಷ್ಟರಲ್ಲಿ ಗುಡುಗಿತು.

ಕಾಫಿ ಹೂ ಅರಳಿಸುವ ಹೂಮಳೆ ವಾರ ಮೊದಲೇ ಬಂದಿತ್ತು. ಅಯ್ಯೋ ಅಯ್ಯೋ ಎನ್ನುತ್ತಾ ಎಲ್ಲರೂ ಕೈಗೆ ಸಿಕ್ಕ ಶೀಟನ್ನು ಎಳೆದು ಹೊಡೆಯತೊಡಗಿದರು. ಯಾರದು ಯಾರಿಗೆ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಡೈರಿಯ ಸೆಕ್ರೆಟರಿಯೇ ಅರುಣನ ಅಜ್ಜನಿಗೆ ಶೀಟು ಎತ್ತಿಕೊಟ್ಟರು.

ಸೋಮಶೇಖರಪ್ಪನವರು ಕಾಫಿ ಟ್ರೇಯನ್ನು ತಲೆ ಮೇಲೆ ಹಿಡಿದು ಹತ್ತಿರದ ಮನೆಗೆ ಓಡಿಬಂದರು. ಅದು ರುದ್ರಾಣಿಯ ಮನೆ. ಅವಳೂ ಹಿಂದೆಯೇ ಓಡಿಬಂದಳು.

"ರೇವತಿ, ಮಳೆ ನಿಲ್ಲೋ ತನಕ ಇಲ್ಲೇ ಕೂತ್ಕೊಳ್ತೀನಮ್ಮ," ಎಂದು ಅಮ್ಮನಿಗೆ ಹೇಳಿ ಸೀದಾ ಅಡುಗೆಕೋಣೆಗೆ ಬಂದು ಒಲೆ ಮುಂದೆ ಮಣೆ ಎಳೆದುಕೊಂಡರು.

ಅಮ್ಮ ಕಡುಬು ಬಡಿಸಿದಳು.

ಟಪ್! ಮಾಡಿನ ಹಳೇ ಮೊಳೆಯ ತೂತಿನಿಂದ ಒಂದು ಹನಿ ಅವರ ಬೋಳುತಲೆಗೆ ಬಿತ್ತು.

ಅಮ್ಮ ಮೇಲೆ ನೋಡಿದಳು. ರುದ್ರಾಣಿ ಮೇಲೆ ನೋಡಿದಳು. ಬೆಕ್ಕು ಕೂಡ ಮೇಲೆ ನೋಡಿತು. ಸೋಮಶೇಖರಪ್ಪನವರು ತಲೆ ಒರೆಸಿಕೊಂಡು ಮಣೆ ಸ್ವಲ್ಪ ಸರಿಸಿದರು.

"ಈ ಸಲ ಹೂ ಚೆನ್ನಾಗಿ ಬಿಡ್ತದೆ," ಎಂದರು, ಕಡುಬನ್ನೇ ನೋಡುತ್ತಾ.

ಟಪ್! ಅವರು ಮತ್ತೆ ಸರಿದರು. ಟಪ್! ಇನ್ನೂ ಸರಿದರು. ಹೀಗೆ ಸರಿದು ಸರಿದು, ಕೊನೆಯ ಕಡುಬಿನ ಹೊತ್ತಿಗೆ ಅವರು ಹೊಸ್ತಿಲಿಗೆ ಬಂದಿದ್ದರು. ಒಂದು ಸಲವೂ ತಲೆ ಎತ್ತಲಿಲ್ಲ.

ಮಳೆ ನಿಂತಾಗ ಚಪ್ಪಲಿ ಮೆಟ್ಟುತ್ತಾ ಹೇಳಿದರು: "ರೇವತಿ, ಆ ಶೀಟಿನ ಮೂಲೆಗೆ ಇನ್ನೊಂದು ಕಲ್ಲು ಹೇರಿಸಮ್ಮ. ಅದಕ್ಕೆ ಮೊದಲಿಂದಲೂ ಹಾರೋ ಬುದ್ಧಿ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ" ಎಂದಳು. ಒಲೆ ಯಾವಾಗಲೋ ಆರಿತ್ತು.

ಸೋಮವಾರ ಪವಿತ್ರಾ ಟೀಚರ್ ಕಿಟಕಿಯಿಂದ ಊರಿನ ಮಾಡುಗಳನ್ನು ನೋಡಿದರು. ಗೋಡೆಯ ಚಾರ್ಟನ್ನೂ ನೋಡಿದರು. ಒಂದು ಬಾಣವೂ ಸರಿ ಉಳಿದಿರಲಿಲ್ಲ. ಅವರು ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿದರು.

"ಟೀಚರ್, ಆ ಕೆಂಪು ಪೆನ್ನು ಒಂಚೂರು ಕೊಡ್ತೀರಾ?" ಎಂದು ರುದ್ರಾಣಿ ಕೇಳಿದಳು.

ಸಂಜೆ ಅವಳು ಹೋಟೆಲಿನ ಮುಂದೆ ನಿಂತಳು. ಬೋರ್ಡಿದ್ದ ಜಾಗದಲ್ಲಿ ಎರಡು ಖಾಲಿ ಮೊಳೆಗಳಿದ್ದವು. ಚೀಲದಿಂದ ಒಂದು ರಟ್ಟು ತೆಗೆದು ಸೋಮಶೇಖರಪ್ಪನವರ ಕೈಗೆ ಕೊಟ್ಟಳು.

'ಊಟ ತಯಾರಿದೆ.'

ಅವರು ಕನ್ನಡಕ ಹಾಕಿಕೊಂಡರು. 'ಊ'ವಿನ ಸೌಟಿನ ಬಾಲದ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ಅರಬ್ ದೇಶದಿಂದ ಬಂತಾ?" ಎಂದು ಕೊನೆಗೆ ಕೇಳಿದರು.

"ಹೂಂ," ಎಂದಳು ರುದ್ರಾಣಿ. "ಒಂಟೆಗಳದ್ದು ಊಟ ಆಯ್ತಂತೆ."

ಸೋಮಶೇಖರಪ್ಪನವರು ಸ್ಟೂಲ್ ತಂದು ಹತ್ತಿದರು. ಅದು ಅಲುಗದ ಹಾಗೆ ರುದ್ರಾಣಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.