ಬೇಲಿಯಾಚೆಯ ಏಳನೇ ರಸ್ತೆ

“ಬೇಲಿ ಹಾರಿದೀಯ ತಾನೆ?”

“ಇಲ್ಲ ಸರ್.”

“ಹಾಗಾದ್ರೆ ಈ ಫೋಟೋದಲ್ಲಿ ಬೇಲಿ ಎಲ್ಲಿ? ಕಾಗೆ ಕಚ್ಕೊಂಡು ಹೋಯ್ತಾ?”

ಕುವಾಬಾರ ಮೇಷ್ಟರ ಮಾತಿಗೆ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಇಬುಕಿ ಮಾತ್ರ ತುಟಿ ಬಿಗಿದು ನಿಂತಿದ್ದಳು.

ಮೇಜಿನ ಮೇಲೆ ಅವಳ ಚಾರ್ಟು ಹರಡಿತ್ತು. ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರೂ ತಮಗಿಷ್ಟವಾದ ವಿಷಯ ಹಿಡಿದು ಒಂದು ಪ್ರಾಜೆಕ್ಟ್ ಮಾಡಬೇಕು. ಒಬ್ಬ ಜೀರುಂಡೆ ಸಾಕಿದ್ದ. ಒಬ್ಬಳು ಮೂವತ್ತು ಬಗೆಯ ಬ್ರೆಡ್ ತಿಂದು ಅಂಕ ಕೊಟ್ಟಿದ್ದಳು. ಇಬುಕಿ ಮಾವನ ಹಳೆಯ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು, ಕೋಬೆ ಊರಲ್ಲಿ ಯಾರೂ ಓಡಾಡದ ರಸ್ತೆಗಳನ್ನು ಹುಡುಕುತ್ತ ಅಲೆದಿದ್ದಳು. ಸುರಂಗ ಬಂದ ಮೇಲೆ ಮುಚ್ಚಿಹೋದ ರಸ್ತೆ, ಮನೆಗಳ ಹಿಂದೆ ಗೋಡೆಗೆ ಮೂತಿ ತಾಗಿಸಿ ನಿಂತ ರಸ್ತೆ, ಹೀಗೆ ಒಟ್ಟು ಏಳು.

“ಅಲ್ಲೇನಿದೆ ಮಣ್ಣು?” ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. “ರಸ್ತೆ ಇದೆ!”

ತಂಟೆ ಬಂದದ್ದು ಏಳನೆಯ ಫೋಟೋದಿಂದ. ಅದು ಬೆಟ್ಟದ ಹಳೆಯ ಬಸ್ ರಸ್ತೆ. ಗುಡ್ಡ ಕುಸಿದ ವರ್ಷ ಅದಕ್ಕೆ ಎರಡಾಳು ಎತ್ತರದ ತಗಡಿನ ಬೇಲಿ ಹಾಕಿದ್ದರು. ಫೋಟೋದಲ್ಲಿ ಬೇಲಿಯಾಚೆಯದೆಲ್ಲ ಕಾಣುತ್ತಿತ್ತು. ಬಿಳಿ ಗೆರೆಯ ಮೇಲೆ ಜರೀಗಿಡ, ಓರೆಯಾಗಿ ನಿಂತ ಬಸ್ ಸ್ಟಾಪಿನ ಬೋರ್ಡು, ಅದರ ಕೆಳಗೆ ಒಂದು ಬೆಂಚು.

“ಕ್ಯಾಮೆರಾನ ಗಳಕ್ಕೆ ಕಟ್ಟಿ ಮೇಲೆತ್ತಿದೆ ಸರ್. ನಾನು ಈಚೆಗೇ ಇದ್ದೆ.”

“ನಿನ್ನನ್ನ ಬೇಲಿ ಹತ್ರ ನೋಡಿದೋರು ಶಾಲೆಗೆ ಫೋನ್ ಮಾಡಿದ್ರು. ನಾನು ನಿಮ್ಮಮ್ಮನ್ನ ಕೇಳಿದೆ. ಅವರು ತಪ್ಪಾಯ್ತು ಅಂತ ಒಪ್ಕೊಂಡಾಗಿದೆ. ನಿಂದೇನಮ್ಮ ಇನ್ನೂ?”

ಇಬುಕಿಯ ಮೈಯೆಲ್ಲ ಉರಿದುಹೋಯಿತು. ಮೇಷ್ಟರು ಗೆರೆ ಎಳೆದ ಒಂದು ಹಾಳೆ ಕೊಟ್ಟರು. ತಪ್ಪು ಮಾಡಿದವರು ‘ನಾನು ಹೀಗೆ ಮಾಡಬಾರದಿತ್ತು, ಇನ್ನು ಮಾಡುವುದಿಲ್ಲ’ ಎಂದು ಅದರಲ್ಲಿ ಬರೆದುಕೊಡಬೇಕು. ಶನಿವಾರ ಅಪ್ಪ ಅಮ್ಮಂದಿರು ಕ್ಲಾಸು ನೋಡಲು ಬರುತ್ತಾರೆ. ಹಾಳೆ ಬಂದರೆ ಚಾರ್ಟು ಗೋಡೆಗೆ, ಇಲ್ಲವಾದರೆ ಬೀರುವಿಗೆ.

ಮನೆಯಲ್ಲಿ ಅಮ್ಮ ಬಾಲ್ಕನಿಯ ಗಳದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

“ನೀನ್ಯಾಕಮ್ಮ ತಪ್ಪಾಯ್ತು ಅಂದೆ? ನನ್ನನ್ನ ಒಂದು ಮಾತು ಕೇಳಿದ್ಯಾ?”

“ಶಾಲೆಯಿಂದ ಫೋನ್ ಬಂದ್ರೆ ಇನ್ನೇನಂತಾರೆ? ಕ್ಷಮಿಸಿ, ನಮ್ಮ ಹುಡುಗಿದು ತಪ್ಪಾಯ್ತು ಅಂತೀವಿ. ಎಲ್ಲರೂ ಹಾಗೇ ಅನ್ನೋದು.”

ನಿಜವೇ. ಅಮ್ಮ ಬ್ರೆಡ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಬ್ರೆಡ್ ಮುಗಿದಿದ್ದರೂ ಕ್ಷಮಿಸಿ, ಗಿರಾಕಿ ಚಿಲ್ಲರೆ ಬೀಳಿಸಿಕೊಂಡರೂ ಕ್ಷಮಿಸಿ. ಬಸ್ಸಿನಲ್ಲಿ ಇನ್ನೊಬ್ಬರು ಅವಳ ಕಾಲು ತುಳಿದರೂ ಅವಳೇ ಬಗ್ಗಿ ಕ್ಷಮೆ ಕೇಳುತ್ತಿದ್ದಳು.

“ನಾಲ್ಕು ಸಾಲು ಬರೆದು ಬಿಸಾಕು ಮಗಳೇ. ನಾನು ದಿನಾ ನೂರು ಸಲ ಅಂತೀನಿ, ಕರಗಿ ಹೋಗಿದೀನಾ?”

“ನಿನ್ನ ಕ್ಷಮಿಸಿ ನೀನು ಎಷ್ಟಾದ್ರೂ ಹೇಳ್ಕೋ. ನನ್ನ ಹೆಸರಲ್ಲಿ ಯಾಕೆ ಹೇಳ್ದೆ? ನಾನು ಹಾರಿಲ್ಲ! ಬರೆಯಲ್ಲ ಅಂದ್ರೆ ಬರೆಯಲ್ಲ. ಚಾರ್ಟು ಬೀರುವಲ್ಲೇ ಕೊಳೀಲಿ!”

ಇಬುಕಿಯ ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿಗೆ ಬಂದ ನೀರು. ಅಮ್ಮ ಕೈಯಲ್ಲಿದ್ದ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಯಾವ ಗಳಕ್ಕೆ ಕಟ್ಟಿದ್ದು?”

“ಇದಕ್ಕೇ.”

ಅಮ್ಮ ಗಳವನ್ನು ಕೊಕ್ಕೆಯಿಂದ ಬಿಡಿಸಿ ಕೆಳಗಿಳಿಸಿದಳು. “ನಡಿ, ತೋರಿಸು.”

ಒಂದು ತುದಿಗೆ ಅಮ್ಮ, ಇನ್ನೊಂದು ತುದಿಗೆ ಮಗಳು, ಗಳ ಹೊತ್ತು ಏರುಬೀದಿ ಹತ್ತಿದರು. ತಿರುವಿನ ಮನೆಯ ತೊಕುನಾಗಾ ಅಜ್ಜಿ ಬಾಗಿಲಲ್ಲೇ ಕೂತಿದ್ದರು.

“ಏನ್ರೇ, ಬಟ್ಟೆ ಒಣಗಿಸೋಕೆ ಬೆಟ್ಟಕ್ಕೆ ಹೊರಟ್ರಾ? ಊರಲ್ಲಿ ಬಿಸಿಲು ಸಾಲ್ದಾ?”

“ಕ್ಷಮಿಸಿ ಅಜ್ಜಿ, ದಾರಿಗೆ ಅಡ್ಡ ಆಯ್ತು,” ಎಂದಳು ಅಮ್ಮ. ಇಬುಕಿ ತಿರುಗಿ ಅವಳನ್ನು ದುರುಗುಟ್ಟಿ ನೋಡಿದಳು.

ಬೇಲಿಯ ಮುಂದೆ ಇಬುಕಿ ಕ್ಯಾಮೆರಾವನ್ನು ಗಳದ ತುದಿಗೆ ದಾರದಿಂದ ಬಿಗಿದಳು. ಟೈಮರನ್ನು ಹತ್ತು ಸೆಕೆಂಡಿಗಿಟ್ಟು ಗುಂಡಿ ಒತ್ತಿದಳು. “ಎತ್ತಮ್ಮ, ಬೇಗ!” ಇಬ್ಬರೂ ಸೇರಿ ಎತ್ತಿದರು. ಮೊದಲ ಸಲ ಬರೀ ಆಕಾಶ ಬಂತು. ಎರಡನೆಯ ಸಲ ಅಮ್ಮನ ನಡುನೆತ್ತಿ. ಮೂರನೆಯದರಲ್ಲಿ ಬಿಳಿ ಗೆರೆ, ಜರೀಗಿಡ, ಓರೆ ಬೋರ್ಡು, ಬೆಂಚು, ಎಲ್ಲ ಬಂದವು.

ಅಮ್ಮ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು.

“ಹೌದಲ್ಲೇ,” ಎಂದಳು. “ರಸ್ತೆ ಹಾಗೇ ಇದೆ.”

ಶನಿವಾರ ಗೋಡೆಯ ಮೇಲೆ ಇಪ್ಪತ್ತೆಂಟು ಚಾರ್ಟುಗಳಿದ್ದವು. ಜೀರುಂಡೆಗೂ ಬ್ರೆಡ್ಡಿಗೂ ನಡುವೆ ಒಂದು ಜಾಗ ಖಾಲಿ. ಇಬುಕಿಯ ಹಾಳೆಯೂ ಖಾಲಿಯೇ ಇತ್ತು. ಪಾಠ ಮುಗಿಯಿತು. ಹಿಂದೆ ಸಾಲಾಗಿ ನಿಂತಿದ್ದ ಅಮ್ಮಂದಿರ ಮಧ್ಯದಿಂದ ಅವಳ ಅಮ್ಮ ಮೇಷ್ಟರ ಮೇಜಿನ ಹತ್ತಿರ ಬಂದು ಬಗ್ಗಿದಳು. ಎಂದಿನಂತೆ ಸೊಂಟದವರೆಗೂ ಬಗ್ಗಿದಳು.

ಅಯ್ಯೋ, ಮತ್ತೆ ಶುರುವಾಯಿತು ಎಂದುಕೊಂಡಳು ಇಬುಕಿ.

ಅಮ್ಮ ನೆಟ್ಟಗಾದಳು. “ಸರ್, ಅವತ್ತು ಫೋನಲ್ಲಿ ನಾನು ಇವಳನ್ನ ಕೇಳದೇ ತಪ್ಪಾಯ್ತು ಅಂದ್ಬಿಟ್ಟೆ. ನನ್ನ ಮಗಳು ಬೇಲಿ ಹಾರಿಲ್ಲ. ಗಳ ಎತ್ತಿದ್ರೆ ಆಚೆಯದೆಲ್ಲ ಫೋಟೋದಲ್ಲಿ ಬರೋದನ್ನ ನಾನೇ ಕಣ್ಣಾರೆ ನೋಡಿದೆ. ಇವಳು ಆ ಹಾಳೇಲಿ ಏನೂ ಬರೆಯಲ್ಲ.”

ಬೇರೆ ಅಮ್ಮಂದಿರು ಮುಖ ಮುಖ ನೋಡಿಕೊಂಡರು. ಅಮ್ಮ ಹೊಸ ಫೋಟೋವನ್ನು ಮೇಜಿನ ಮೇಲಿಟ್ಟಳು. ಅಮ್ಮನ ನೆತ್ತಿಯ ಫೋಟೋವೂ ಜೊತೆಗಿತ್ತು. ಅದರಲ್ಲಿ ಬೇಲಿಯ ಈಚೆ ನಾಲ್ಕು ಕೈಗಳು ಗಳ ಹಿಡಿದಿದ್ದವು. ಕುವಾಬಾರ ಮೇಷ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೀರು ತೆರೆದು ಚಾರ್ಟು ತೆಗೆದರು, ಪಿನ್ನಿನ ಡಬ್ಬಿಯನ್ನೂ ಕೊಟ್ಟರು.

“ನಾನೂ ವಿಚಾರಿಸ್ಬೇಕಿತ್ತು,” ಎಂದರು ಮೆಲ್ಲಗೆ.

ಚಾರ್ಟಿನ ಎರಡು ಮೂಲೆಗಳನ್ನು ಅಮ್ಮ ಗೋಡೆಗೆ ಒತ್ತಿ ಹಿಡಿದಳು. ಇಬುಕಿ ಪಿನ್ ಚುಚ್ಚಲು ಹತ್ತಿರ ಹೋದಾಗ ನೋಡಿದಳು. ಅಮ್ಮನ ಕಿವಿ ಕೆಂಪಾಗಿತ್ತು. ಬೆರಳುಗಳು ಗಡಗಡ ನಡುಗುತ್ತಿದ್ದವು. ನೂರು ಸಲ ಕ್ಷಮಿಸಿ ಅನ್ನುವಾಗ ಒಂದು ಸಲವೂ ನಡುಗದ ಬೆರಳುಗಳು ಅವು.

ನಡುಕಕ್ಕೆ ಚಾರ್ಟು ಒಂದು ಕಡೆ ಜಾರಿತು. “ನೆಟ್ಟಗೆ ಹಿಡಿ” ಎಂದು ಹೇಳಲು ಬಾಯಿ ತೆರೆದ ಇಬುಕಿ ಸುಮ್ಮನಾದಳು. ಅದು ಇದ್ದ ಹಾಗೆಯೇ, ಓರೆಯಾಗಿಯೇ, ನಾಲ್ಕೂ ಪಿನ್ನುಗಳನ್ನು ಗಟ್ಟಿಯಾಗಿ ಚುಚ್ಚಿದಳು.